ಅಜ್ಜಿಯ ಎಡಗೈ

ಇಟ್ಟಿಗಿ ಊರಿನ ನಮ್ಮ ಓಣಿಗೆ ನಲ್ಲಿ ಇನ್ನೂ ಬಂದಿರದ ಕಾಲವದು. ಶೇಂಗಾ ಕಿತ್ತು ಅಂಗಳಕ್ಕೆ ಬಂತೆಂದರೆ ಊರೆಲ್ಲ ಹಸಿ ಮಣ್ಣಿನ, ಹಸಿ ಬಳ್ಳಿಯ ವಾಸನೆ. ಬೆಳಗಿನ ಚಳಿಗೆ ನಾವು ಹುಡುಗಿಯರು ಕಸಕ್ಕೆ ಬೆಂಕಿ ಹಚ್ಚಿ, ಕಾಯಿ ಸುಟ್ಟು, ಬಾಯೆಲ್ಲ ಕಪ್ಪು ಮಾಡಿಕೊಂಡು ತಿನ್ನುತ್ತಿದ್ದೆವು. ನನಗೆ ಒಂಬತ್ತು ವರ್ಷವಾದ ಆ ಸುಗ್ಗಿಯಲ್ಲಿ ಮಾತ್ರ ನಾನು ಹೋಗುವಷ್ಟರಲ್ಲಿ ಬರೀ ಸಿಪ್ಪೆ ಉಳಿದಿರುತ್ತಿತ್ತು. ಮನೆಯಲ್ಲಿ ನನಗೊಂದು ಕೆಲಸ ಬಿದ್ದಿತ್ತು.

ನಮ್ಮಪ್ಪನ ತಾಯಿ, ಅಂದರೆ ಅಜ್ಜಿ, ಲಿಂಗಪೂಜೆ ಆಗದೆ ಗುಟುಕು ನೀರೂ ಬಾಯಿಗೆ ಹಾಕುವವಳಲ್ಲ. ಮಿಂದು, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳೆಂದರೆ ಅರ್ಧ ತಾಸು ಆಕೆಗೆ ನಾವ್ಯಾರೂ ಇಲ್ಲ. ಆ ವರ್ಷ ಆ ಕೈಗೇ ನಡುಕ ಬಂತು. ಎರೆದ ನೀರು, ಇಟ್ಟ ಪತ್ರಿ ಎಲ್ಲ ಮಡಿಲಿಗೆ ಬೀಳತೊಡಗಿದವು. ತಟ್ಟೆಯಲ್ಲಿಟ್ಟು ಪೂಜೆ ಮಾಡಿರೆಂದು ಅವ್ವ ಹೇಳಿ ನೋಡಿದಳು.

“ಹುಟ್ಟಿದಾಗ ಕಟ್ಯಾರ. ಸತ್ತಮ್ಯಾಲ ಕುಣ್ಯಾಗ ಕುಂದ್ರಿಸಿದಾಗ ಇದೇ ಕೈಯಾಗ ಇಟ್ಟು ಕಳಸ್ತಾರ,” ಅಂದಳು ಅಜ್ಜಿ. “ನಡುವ ನಾನ ಕೆಳಗ ಇಳಿಸಿದ್ರ ಹೆಂಗವ್ವಾ?”

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೈಯನ್ನು ಹಿಡಿಯಬಹುದಲ್ಲ? ಹಾಗೆ ಆಕೆಯ ಅಂಗೈ ಕೆಳಗೆ ನನ್ನ ಎರಡೂ ಕೈ ಆಸರೆಯಾದವು. ಸೊಸೆ ಮಾಡಿದ ಸಾರಿಗೆ ನೂರೆಂಟು ಹೆಸರಿಡುವ ಅತ್ತೆ ಮೊಮ್ಮಗಳ ಕೈಮೇಲೆ ದೇವರನ್ನೇ ಕೂರಿಸಿದಳಲ್ಲ ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು. ಅಜ್ಜಿಯ ತೋಳಿನ ಹರಳೆಣ್ಣೆ, ಕರ್ಪೂರ, ಒದ್ದೆ ಪತ್ರಿ, ಈ ಮೂರರ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ಕಡೆಗೆ ಆಕೆ ಪಿಸುಗುಟ್ಟುತ್ತಿದ್ದುದು ದಿನಾ ಒಂದೇ ಮಾತು: “ಶಿವನ, ಕೈ ಕೊಟ್ಟಾವ ನೀನು, ಕಸುವೂ ನೀನ ಕೊಡು. ಕಡೀತನಕ ಬೀಳಸಬ್ಯಾಡ.” ಆಮೇಲೆ ನನಗೆ ಕೊಬ್ಬರಿ ಬೆಲ್ಲ.

ಒಂದು ಬೆಳಿಗ್ಗೆ ಬಾಗಿಲಾಚೆ ಗೆಳತಿ ಗಂಗಿ ಬಂದು, ಇವತ್ತು ಮೂರು ಮನೆಯ ಕಾಯಿ ಒಟ್ಟಿಗೆ ಸುಡುತ್ತಿದ್ದಾರೆಂದು ಸನ್ನೆ ಮಾಡಿದಳು. ಅಜ್ಜಿಯ ಕಣ್ಣು ಲಿಂಗದಲ್ಲಿ ನೆಟ್ಟಿತ್ತು. ಕೈ ಅವತ್ತು ಅಷ್ಟೇನೂ ನಡುಗುತ್ತಿಲ್ಲ ಅನ್ನಿಸಿತು. ಮೆಲ್ಲಗೆ ನನ್ನ ಕೈ ಎಳೆದುಕೊಂಡೆ. ಹೊಸ್ತಿಲು ದಾಟುವ ಮೊದಲೇ ಹಿಂದೆ ಪತ್ರಿಯ ತಟ್ಟೆ ಉರುಳಿತು.

ಹಿಟ್ಟಿನ ಕೈಯಲ್ಲೇ ಅವ್ವ ಓಡಿ ಬಂದಳು. ಲಿಂಗ ನೆಲದ ಮೇಲಿತ್ತು. ಹುಡುಗಿ ಹಿಡಿದಿರಲಿಲ್ಲವೇ ಎಂದು ಕೇಳಿದಳು.

“ಹಿಡದಿದ್ಲು,” ಅಂದಳು ಅಜ್ಜಿ. “ನನ್ನ ಕೈಯ ಕೊಡವಿಬಿಡ್ತು.”

ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಸುಳ್ಳೆಂಬುದನ್ನು ಆಕೆಯ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಮಠದ ಅಯ್ಯನವರು ಬಂದು, ತಿರುಗಿಸಿ ನೋಡಿ, ಲಿಂಗಕ್ಕೇನೂ ಆಗಿಲ್ಲವೆಂದು ತೊಳೆದು ಕೊಟ್ಟರು. ಉಣ್ಣು ತಾಯಿ, ಶಿವನಿಗೆ ಸಿಟ್ಟಿಲ್ಲ ಎಂದರು. ಅಜ್ಜಿ ಎರಡು ಗುಟುಕು ಅಂಬಲಿ ಕುಡಿದಳು. ಮರುದಿನ ಬೆಳಿಗ್ಗೆ ನನ್ನ ಹೆಸರು ಹಿಡಿದು ಕರೆದಳು. “ಬಾ ಯವ್ವಾ, ಕೈ ಕೊಡು.” ನಾನು ಹಿತ್ತಲ ಬಣವೆಯ ಹಿಂದೆ ಮುದುಡಿ ಕೂತೆ. ಮತ್ತೆ ಬೀಳಿಸಿದರೆ? ಅದರ ಮರುದಿನವೂ ಕರೆದಳು. ಅದರಾಚೆಯ ದಿನವೂ. ನಾಲ್ಕನೆಯ ದಿನ ಕರೆಯಲಿಲ್ಲ.

ಆಗ ಹಿಡಿದ ಹಾಸಿಗೆಯಿಂದ ಅಜ್ಜಿ ಏಳಲಿಲ್ಲ. ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಅದರಲ್ಲಿ ಲಿಂಗ ಇಟ್ಟು, ಮೇಲೆ ಬಲಗೈ ಮುಚ್ಚಿಕೊಂಡು ಮಲಗಿರುತ್ತಿದ್ದಳು. “ಹಿಡಿಯಾಕ ಆಗವಲ್ದು ಶಿವನ. ಇನ್ನ ನೀನ ಹಿಡ್ಕಾ.” ಬಾಗಿಲ ಸಂದಿಯಿಂದ ಇಷ್ಟು ಕೇಳಿಸಿಕೊಂಡು ನಾನು ಓಡಿದ್ದೆ.

ಪುಷ್ಯದ ಬನದ ಹುಣ್ಣಿಮೆಗೆ ಮುಂಚೆ ತೀರಿಕೊಂಡಳು. ಕುಣಿಯಲ್ಲಿ ಕೂರಿಸಿ ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟರು. ಜಾರದಿರಲೆಂದು ಕೈಯ ಕೆಳಗೆ ವಿಭೂತಿ ಗಟ್ಟಿಗಳನ್ನು ಆಸರೆಯಾಗಿ ಇಟ್ಟರು. ಪುಣ್ಯವಂತಿ, ಕಡೆತನಕ ಬಿಡಲಿಲ್ಲ ಎಂದು ಕೂಡಿದವರು ಅಂದರು. ನಾನು ಆ ಗಟ್ಟಿಗಳನ್ನೇ ನೋಡುತ್ತ ನಿಂತಿದ್ದೆ. ಅದು ನನ್ನ ಕೈಯ ಜಾಗವಾಗಿತ್ತು.

ಈಗ ಓಣಿಯ ಮನೆಮನೆಗೂ ನಲ್ಲಿಯಿದೆ. ಬೆಳಿಗ್ಗೆ ಅರ್ಧ ತಾಸು ಕಣ್ಣು ನೆಟ್ಟು ಕೂರುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಮೆಟ್ಟಿಲು ಹತ್ತಿದರೆ ನನಗೂ ಮಂಡಿ ಹಿಡಿಯುತ್ತದೆ. ಅಜ್ಜಿಯಂತೆ ಕಸುವು ಬೇಡೋಣವೆಂದು ಕಣ್ಣು ಮುಚ್ಚಿದರೆ ಮಾತು ಏಳುವುದಿಲ್ಲ. ಅದಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಕೇಳಬೇಕಾದವಳು ಇಲ್ಲ.