ಅಳಿಯನ ಬ್ಯಾಗಿನೊಳಗೆ ಅವ್ವನ ಹಲ್ಲು

ನಮ್ಮವ್ವನ ಹಲ್ಲು ಸೆಟ್ಟು ಬ್ಯಾಗಿನೊಳಗೆ ಸಿಕ್ಕಿಹಾಕಿಕೊಂಡಿದೆ ಎಂದು ಗೊತ್ತಾದದ್ದು ಬೀಗರೂಟದ ಹಿಂದಿನ ದಿನ.

ಬೀಗರೂಟ ಪೂರಿಗಾಲಿಯಲ್ಲಿ. ನನ್ನ ಅಳಿಯನ ತಂಗಿಯ ಮದುವೆ ಮುಗಿಸಿ ಬೀಗರಿಗೆ ಹಾಕುವ ಮಾಂಸದೂಟ. ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆ ತಪ್ಪಿಸಿಕೊಂಡರೂ ನಡೆಯುತ್ತದೆ, ಬೀಗರೂಟ ತಪ್ಪಿಸಿಕೊಂಡರೆ ಮಾತು ಬರುತ್ತದೆ. ಎಲೆ ಮುಂದೆ ಕೂತೂ ಬಾಡು ಮುಟ್ಟದಿದ್ದರಂತೂ ಮುಗಿದೇ ಹೋಯಿತು.

ಹಲ್ಲು ಬ್ಯಾಗಿಗೆ ಹೋಗಿದ್ದು ಹೇಗೆ? ಕಳೆದ ತಿಂಗಳು ಮುರುಡೇಶ್ವರಕ್ಕೆ ಹೋಗಿದ್ದೆವು. ಅಳಿಯಂದಿರು ತಮ್ಮ ದೊಡ್ಡ ಬ್ಯಾಗು ಕೊಟ್ಟಿದ್ದರು. ಸಮುದ್ರದಲ್ಲಿ ಗಾಳ ಹಾಕುವುದು ಅವರ ಹವ್ಯಾಸ. (ಊರು ಪೂರಿಗಾಲಿ. ಮೀನಿಗೆ ಪಕ್ಕದ ಕಾವೇರಿ ಸಾಲದೇ ಎಂದು ಕೇಳಬೇಡಿ, ಅವರು ಅಳಿಯಂದಿರು.) "ವಾಟರ್‌ಪ್ರೂಫ್ ಮಾವ, ಏನೂ ಆಗಲ್ಲ" ಎಂದಿದ್ದರು.

ಅಲೆಗೆ ಹಲ್ಲು ಕೊಚ್ಚಿಕೊಂಡು ಹೋದೀತೆಂದು ಅವ್ವ ಸೆಟ್ಟನ್ನು ಡಬ್ಬಿಗೆ ಹಾಕಿ, ಬ್ಯಾಗಿನ ಪಕ್ಕದ ಜೇಬಿನಲ್ಲಿಟ್ಟು ಜಿಪ್ಪು ಎಳೆದಳು. ದಡದಲ್ಲಿಟ್ಟಿದ್ದ ಬ್ಯಾಗನ್ನೂ ಅಲೆ ಬಿಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಬ್ಯಾಗು ತೊಳೆಯಲು ಹೋದರೆ ಅವ್ವ ಅಡ್ಡ ನಿಂತಳು.

"ಬುಡು ಅತ್ಲಾಗೆ! ಸಮುದ್ರದ ನೀರು ತೀರ್ಥ ಕಣಮ್ಮ. ಅದ್ನೂ ತೊಳ್ದುಬುಟ್ರೆ ಅಲ್ಲೀಗಂಟ ಓಗಿದ್ಯಾಕೆ?"

ಬ್ಯಾಗು ಹಾಗೇ ಅಟ್ಟ ಸೇರಿತು. ತೀರ್ಥ ಸುಮ್ಮನಿರಲಿಲ್ಲ, ಹಿತ್ತಾಳೆ ಜಿಪ್ಪನ್ನು ತಿಂದು ಹಸಿರು ಮಾಡಿ, ಅಲುಗದಂತೆ ಕಚ್ಚಿಸಿಟ್ಟಿತ್ತು.

ತಿಂಗಳಿಡೀ ಹಲ್ಲು ನೆನಪಾಗಲಿಲ್ಲವೇ ಎನ್ನುತ್ತೀರಾ? ಮುದ್ದೆ ನುಂಗುವವರಿಗೆ ಹಲ್ಲೇಕೆ ಸ್ವಾಮಿ? ಅವ್ವ ಅದನ್ನು ಹಾಕಿಕೊಳ್ಳುವುದು ಫೋಟೊಗೆ ಮತ್ತು ಬಾಡೂಟಕ್ಕೆ ಮಾತ್ರ.

"ಕತ್ತರಿಸಿಬಿಡೋಣ" ಎಂದೆ. ಹೆಂಡತಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು.

"ರೀ, ಅಳಿಯಂದಿರ ಬ್ಯಾಗು! ಹರಿದಿದ್ದನ್ನ ವಾಪಸ್ ಕೊಟ್ರೆ ಬೀಗರು ಏನಂದ್ಕೋತಾರೆ? ಮಗಳು ಅಲ್ಲಿ ಬಾಳಬೇಕು!"

ಸರಿ, ಅಳಿಯಂದಿರಿಗೇ ಒಂದು ಫೋನ್ ಮಾಡಿ ಕೇಳಿದರೆ? ಅದು ಇನ್ನೂ ದೊಡ್ಡ ಅವಮಾನವಂತೆ.

ಕೊಬ್ಬರಿ ಎಣ್ಣೆ ಬಿಟ್ಟೆವು. ಮೇಣದಬತ್ತಿ ಉಜ್ಜಿದೆವು. ಪಕ್ಕದ ಮನೆಯ ಬೋರಣ್ಣ ಬಂದ. ಶಿವನಸಮುದ್ರದ ಪವರ್ ಹೌಸಿನಲ್ಲಿ ರಿಟೈರ್ ಆದವನು. "ಆನೆಯಂತಾ ಗೇಟ್ಗಳ್ನೇ ಬಿಚ್ಚಿವ್ನಿ, ಇದ್ಯಾವ್ ಲೆಕ್ಕ ಬುಡ್ಲಾ" ಎಂದವನೇ ಕಟಿಂಗ್ ಪ್ಲೇಯರ್ ಹಾಕಿ ಜಗ್ಗಿದ. ಜಿಪ್ಪಿನ ಕಿವಿ ಕಿತ್ತು ಕೈಗೆ ಬಂತು. ಟೀ ಕುಡಿದು ಹೋದ.

ಕೊನೆಗೆ ಮೊಬೈಲ್ ನೋಡಿದೆ. ಉಪ್ಪು ಕರಗುವುದು ನೀರಿಗಂತೆ, ಎಣ್ಣೆಗಲ್ಲ. (ಎಸ್ಸೆಸ್ಸೆಲ್ಸಿ ಪಾಸಾದವರ ಮನೆಯಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.) ಬಿಸಿನೀರಿಗೆ ವಿನೆಗರ್ ಹಾಕಿ ನೆನೆಸಬೇಕು, ಹಳೇ ಬ್ರಷ್ಷಿನಲ್ಲಿ ಉಜ್ಜಬೇಕು, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಬೇಕು. ಅಂದರೆ ತೀರ್ಥ ತೊಳೆಯಬೇಕು! ಅಳುಕುತ್ತಲೇ ಅವ್ವನಿಗೆ ಹೇಳಿದೆ.

"ತೊಳೀಲಾ ಮತ್ತೆ, ನನ್ನ ಮೊಕ ಏನ್ ನೋಡ್ತಿದ್ದೀಯೆ?"

"ಪುಣ್ಯ ಹೋಗುತ್ತಲ್ಲವ್ವ?"

"ಸಮುದ್ರ ಎಲ್ಲೂ ಓಗಾಕಿಲ್ಲ ಕಣ್ಲಾ. ಬೀಗ್ರೂಟ ನಾಳೀಕೇ ಅಯ್ತೆ."

ನೆನೆಸಿದೆವು, ಉಜ್ಜಿದೆವು, ಮತ್ತೆ ನೆನೆಸಿದೆವು. ಕಿರ್ರೆಂದು ಅಲ್ಲಾಡಿದ ಜಿಪ್ಪು ಮೊದಲು ಬೆರಳು ತೂರುವಷ್ಟು ಬಾಯಿ ಬಿಟ್ಟಿತು, ಆಮೇಲೆ ಪೂರ್ತಿ. ಡಬ್ಬಿ ಹೊರಬಂತು. ಅವ್ವ ಹಲ್ಲು ತೊಳೆದು ಹಾಕಿಕೊಂಡು ನಕ್ಕಳು. ನಿಜ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು.

ಪೂರಿಗಾಲಿಯಲ್ಲಿ ಅವ್ವ ಬಾಡನ್ನು ಎರಡೆರಡು ಸಲ ಹಾಕಿಸಿಕೊಂಡಳು. ಮೂಳೆಯನ್ನೂ ಬಿಡಲಿಲ್ಲ. ನಾನು ಬ್ಯಾಗು ಹಿಡಿದು, ಜಿಪ್ಪಿನ ಕಿವಿ ಕಿತ್ತಿದ್ದಕ್ಕೆ ಕ್ಷಮೆ ಕೇಳಲು ಹೋದರೆ ಅಳಿಯಂದಿರು ನಕ್ಕುಬಿಟ್ಟರು. "ಅಯ್ಯೋ ಮಾವ, ಹಳೇ ಬ್ಯಾಗದು. ಕತ್ತರಿ ಹಾಕಿ ತೆಗೆಯೋದಲ್ವಾ?"

ತೀರ್ಥ ತೊಳೆಯಲು ಒಪ್ಪುವುದಕ್ಕೆ ಅವ್ವನಿಗೆ ಅರೆಗಳಿಗೆ ಸಾಕಾಯಿತು. ಅಳಿಯಂದಿರ ಬ್ಯಾಗಿಗೆ ಕತ್ತರಿ ಹಾಕಲು ಮಾತ್ರ ಮನೆಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ನೀವೇ ಹೇಳಿ, ನಮ್ಮ ಮನೆಗಳಲ್ಲಿ ದೊಡ್ಡ ದೇವರು ಯಾರು?