ಎದಿ ಬಿಸ್ಕೀಟು

ಗುಡಗೇರಿಯ ಈರಬಸಪ್ಪನವರ ಹೃದಯ ಬಹಳ ದೊಡ್ಡದು ಎಂದು ಊರೆಲ್ಲ ಹೇಳುತ್ತಿತ್ತು. ೧೯೮೫ರ ಕಾರ್ತಿಕ ಮಾಸದಲ್ಲಿ ಹುಬ್ಬಳ್ಳಿಯ ಡಾಕ್ಟರರು ಎದೆಯ ಫೋಟೋ ತೆಗೆಸಿ ಅದೇ ಮಾತು ಹೇಳಿದರು. ಊರವರು ಹೊಗಳಿ ಹೇಳಿದ್ದರು, ಡಾಕ್ಟರರು ಬೈದು ಹೇಳಿದರು, ಅಷ್ಟೇ ವ್ಯತ್ಯಾಸ.

ಈರಬಸಪ್ಪನವರ ಕತೆಯನ್ನು ಅವರೇ ಬೇಕಾದಷ್ಟು ಸಲ ಹೇಳಿಕೊಂಡಿದ್ದಾರೆ. ನಾನು ಹೇಳಹೊರಟಿರುವುದು ಅವರ ಹೆಂಡತಿ ಮಹಾದೇವಕ್ಕನದು. ಹದಿನಾರನೆಯ ವಯಸ್ಸಿಗೆ ಅಣ್ಣಿಗೇರಿಯಿಂದ ಈ ಮನೆಗೆ ಸೊಸೆಯಾಗಿ ಬಂದವಳು ಮೂವತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದಳು. ಗಂಡ ಕಾಳಿನ ವ್ಯಾಪಾರಿ. ಶೇಂಗಾ, ಮೆಣಸಿನಕಾಯಿ ಕೊಂಡು ಹುಬ್ಬಳ್ಳಿಗೆ ಕಳಿಸುವುದು ಅವರ ವ್ಯಾಪಾರ, ಉಣ್ಣುವುದು ಅವರ ನಿಜವಾದ ಉದ್ಯೋಗ. ತುಪ್ಪವನ್ನು ಚಮಚದಲ್ಲಿ ಬಡಿಸುವ ಮನೆಗಳ ಬಗ್ಗೆ ಅವರಿಗೆ ತುಂಬ ಕನಿಕರವಿತ್ತು. ಮಹಾದೇವಕ್ಕ ಯಾವಾಗ ಉಣ್ಣುತ್ತಾಳೆ, ಏನು ಉಣ್ಣುತ್ತಾಳೆ ಎಂಬುದು ಮಾತ್ರ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಲು ಪಾಪ ಯಾರಿಗೂ ಪುರಸೊತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದರು, ಒಬ್ಬಳನ್ನು ನವಲಗುಂದಕ್ಕೆ, ಇನ್ನೊಬ್ಬಳನ್ನು ಅಳ್ನಾವರಕ್ಕೆ ಕೊಟ್ಟಾಗಿತ್ತು.

ಎದೆಯ ಸಮಾಚಾರ ಶುರುವಾದದ್ದು ದೇವಿಕೊಪ್ಪದ ದೂರದ ಬೀಗರ ಮನೆಯ ಮದುವೆಯಲ್ಲಿ. ಹದಿಮೂರನೆಯ ಹೋಳಿಗೆ ಮುರಿಯುವಾಗ ಈರಬಸಪ್ಪನವರು ಎದೆ ಹಿಡಿದುಕೊಂಡರು. ಎಣಿಸಿದವರು ಬೀಗರು. ಎಲ್ಲರೂ "ಗ್ಯಾಸ್, ಗ್ಯಾಸ್" ಎಂದು ಸೋಡಾ ಕುಡಿಸಿದರು. ಹದಿನಾಲ್ಕನೆಯದನ್ನು ತಿಂದ ಮೇಲೂ ನೋವು ಹೋಗದ್ದರಿಂದ, ಇದು ಸಣ್ಣ ಕಾಯಿಲೆಯಲ್ಲ ಎಂದು ತೀರ್ಮಾನಿಸಿ ಅವರನ್ನು ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು.

ಡಾಕ್ಟರರು ವಿಲಾಯತಿಯಲ್ಲಿ ಓದಿ ಬಂದವರು, ಆದರೂ ಮಾತು ಇಲ್ಲಿಯದೇ.

"ಎದಿಗೆ ಸಣ್ಣ ಪೆಟ್ಟು ಬಿದ್ದೈತ್ರಿ. ಇನ್ನ ತುಪ್ಪ, ಬೆಣ್ಣಿ, ಕರದಿದ್ದು ಎಲ್ಲಾ ಬಂದ್. ದಿನಾ ಮುಂಜಾನೆ ಓಟ್ಸ್ ತಗೋರಿ."

"ಏನ್ ತಗೋಬೇಕ್ರಿ? ಓಟು?"

"ಓಟ್ಸ್. ಒಂದು ನಮೂನಿ ಕಾಳು. ಎದಿಗೆ ಭಾಳ ಚಲೋ."

ಊರಿಗೆ ಮರಳುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ಚುನಾವಣೆ ಮುಗಿದು ಎಂಟು ತಿಂಗಳಾಗಿತ್ತಷ್ಟೆ. ಎದುರು ಮನೆಯ ಉಡಚಪ್ಪ ಕಟ್ಟೆಯ ಮೇಲೆ ಕೂತು ಗಂಭೀರವಾಗಿ ವಿಚಾರ ಮಾಡಿದ. "ಓಟು ತಿಂದು ಆರಾಮ ಇದ್ದವ್ರನ್ನ ಭಾಳ ಮಂದೀನ ನೋಡೇವಿ. ಆದ್ರ ಅವ್ರೆಲ್ಲಾ ಬೆಂಗಳೂರಾಗ ಇರತಾರ. ಸಾವಕಾರ್ರಿಗೆ ಗುಡಗೇರ್ಯಾಗ ದಕ್ಕತೈತೋ ಇಲ್ಲೋ."

ಹುಬ್ಬಳ್ಳಿಯಿಂದ ತಂದ ಓಟ್ಸ್ ಡಬ್ಬಿಯನ್ನು ಮಹಾದೇವಕ್ಕ ದೇವರ ಜಗಲಿಯ ಪಕ್ಕದಲ್ಲಿಟ್ಟಳು. ಮರುದಿನ ಮುಂಜಾನೆ ಗಂಜಿ ಮಾಡಿ ಗಂಡನ ಮುಂದಿಟ್ಟಳು. ಅವರು ಚಮಚ ಮೇಲೆತ್ತಿದರು. ಗಂಜಿ ಚಮಚದಿಂದ ಇಳಿಯಲು ಒಪ್ಪಲಿಲ್ಲ.

"ಗ್ವಾಡಿಗೆ ಪೋಸ್ಟರ್ ಹಚ್ಚೂ ಅಂಟೇನ ಇದು?"

"ಡಾಕ್ಟ್ರು ಹೇಳ್ಯಾರ್ರಿ. ಒಂದೀಟ ತಗೋರಿ."

ಒಂದಿಷ್ಟು ತೆಗೆದುಕೊಳ್ಳುತ್ತಿದ್ದರೇನೋ. ಅಷ್ಟರಲ್ಲಿ ಆರೋಗ್ಯ ವಿಚಾರಿಸಲು ಬಾಜು ಮನೆಯ ಕಾಸೀಮಸಾಬ ಬಂದ. ದರ್ಜಿ ಕೆಲಸಕ್ಕೆ ಕೂರುವ ಮೊದಲು ಅವನು ಪುಣೆಯ ಕಡೆ ಮಿಲಿಟರಿ ಪಲ್ಟಣದ ಕುದುರೆ ಲಾಯದಲ್ಲಿದ್ದವನು. ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮೂಸಿದ, ಮುಖ ಅರಳಿತು.

"ಸಾವಕಾರ್ರ, ಇದನ್ನ ನಾ ಹನ್ನೆರಡ ವರ್ಷ ಕುದರಿಗೆ ತಿನಿಸೇನ್ರಿ! ಅಗದಿ ಚಲೋ ಮಾಲು. ಒಂದ ಕುದರಿಗೂ ಒಂದ ದಿನಾ ಎದಿ ಹಿಡದದ್ದಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅಲ್ಲಿಗೆ ಗಂಜಿಯ ಆಯುಷ್ಯ ಮುಗಿಯಿತು. ಈರಬಸಪ್ಪನವರು ತಟ್ಟೆ ಸರಿಸಿ, ಕುದುರೆಯ ಮೇವು ತಿಂದು ಬದುಕುವುದಕ್ಕಿಂತ ಮನುಷ್ಯರ ಉಪ್ಪಿಟ್ಟು ತಿಂದು ಸಾಯುವುದು ಲೇಸೆಂದು ಸಾರಿ, ಉಪ್ಪಿಟ್ಟಿಗೆ ಕಾದರು.

ಮಹಾದೇವಕ್ಕ ಆ ದಿನ ಅತ್ತಳು. ಅತ್ತದ್ದು ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ, ಉಪ್ಪಿಟ್ಟು ಮಾಡಿಕೊಟ್ಟ ಮೇಲೆ. ಆಮೇಲೆ ಕಣ್ಣೊರೆಸಿಕೊಂಡು ಡಾಕ್ಟರರು ಕೊಟ್ಟ ಕಾಗದಗಳನ್ನು ಹರವಿಕೊಂಡಳು. ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು, ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಒಂದು ಕಾಗದದ ಹಿಂಬದಿಯಲ್ಲಿ ಓಟ್ಸ್ ಬಿಸ್ಕೀಟು ಮಾಡುವ ಬಗೆ ಅಚ್ಚಾಗಿತ್ತು. ಓಟ್ಸ್ ಎರಡು ಬಟ್ಟಲು, ಗೋಧಿ ಹಿಟ್ಟು ಒಂದು, ಬೆಲ್ಲ ಅರ್ಧ, ಕುಸುಬಿ ಎಣ್ಣೆ ನಾಲ್ಕು ಚಮಚ. ಇಲ್ಲಿಯವರೆಗೆ ಎಲ್ಲ ಸರಿ. ಮುಂದೆ ಮೊಟ್ಟೆಯ ಬಿಳಿ ಭಾಗ ಎಂದಿತ್ತು. ಲಿಂಗಪೂಜೆಯ ಆ ಮನೆಯಲ್ಲಿ ಆ ಶಬ್ದವನ್ನೂ ಯಾರೂ ಆಡಿದ್ದಿಲ್ಲ. ಕೊನೆಗೆ, ಓವನ್ನಿನಲ್ಲಿ ನೂರಾ ಎಂಬತ್ತು ಡಿಗ್ರಿ ಶಾಖದಲ್ಲಿ ಹದಿನೈದು ನಿಮಿಷ ಬೇಯಿಸಿ ಎಂದಿತ್ತು. ಮಹಾದೇವಕ್ಕನಿಗೆ ಗೊತ್ತಿದ್ದ ಡಿಗ್ರಿ ಎಂದರೆ ಜ್ವರದ ನೂರಾ ಮೂರು. ಅದಕ್ಕಿಂತ ಮೇಲೆ ಹೋದವರು ಮರಳಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ಕಾಗದ ಹಿಡಿದು ಹಿತ್ತಲ ಗೋಡೆಯ ಬಳಿ ಹೋಗಿ ಕಾಸೀಮಸಾಬನ ಹೆಂಡತಿ ಹಸನಬಿಯನ್ನು ಕರೆದಳು. ಹಸನಬಿ ಪ್ರತಿ ರಂಜಾನಿಗೆ ಮನೆಯಲ್ಲೇ ನಾನಖಟಾಯಿ ಬಿಸ್ಕೀಟು ಸುಡುವವಳು.

"ಅಕ್ಕಾರ, ಆ ಡಿಗ್ರಿ ಗಿಗ್ರಿ ಬಿಡ್ರಿ," ಎಂದಳು ಎಲ್ಲ ಕೇಳಿಸಿಕೊಂಡು. "ಪಾತೇಲಿ ಕಾದ ಮ್ಯಾಲ ತಾಟಿನ್ಯಾಗ ಚಿಟಿಕಿ ಹಿಟ್ಟ ಉದರಸೂದು. ಹತ್ತ ಎಣಸೂದ್ರಾಗ ಹಿಟ್ಟ ಕೆಂಪಾತಂದ್ರ ಶಾಖ ಸರಿ ಐತಿ. ಕರ್ರಗಾತಂದ್ರ ಕೆಂಡ ತಗೀಬೇಕು."

"ಮತ್ತ ಆ ಬಿಳೀ ಭಾಗ ಬೇ?"

"ಮೊಸರ ಹಾಕೂಣು, ಚಿಟಿಕಿ ಸೋಡಾ. ನಿಮ್ಮ ದೇವ್ರೂ ಸಿಟ್ಟಾಗೂದಿಲ್ಲ, ನಮ್ಮ ದೇವ್ರೂ ಸಿಟ್ಟಾಗೂದಿಲ್ಲ."

ಹಿತ್ತಲಲ್ಲಿ ಇದ್ದಿಲಿನ ಶೇಗಡಿ ಹೊತ್ತಿಸಿದರು. ಮೇಲೆ ದಪ್ಪ ಪಾತೇಲಿ, ಅದರ ತಳದಲ್ಲಿ ಎರಡು ಬೆರಳು ಉಸುಕು, ಉಸುಕಿನ ಮೇಲೆ ಬಿಸ್ಕೀಟು ಜೋಡಿಸಿದ ತಾಟು, ಬಾಯಿಗೆ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಮೊದಲ ಸಲದ್ದು ಕೆಳಗೆ ಇದ್ದಿಲಾಗಿ ಮೇಲೆ ಹಸಿಯಾಗಿ ಉಳಿಯಿತು. ಎರಡನೆಯ ಸಲದ್ದು ಎರಡೂ ಕಡೆ ಸಮನಾಗಿ ಬೆಂದಿತ್ತು. ಈರಬಸಪ್ಪನವರು ಒಂದನ್ನು ಎತ್ತಿ ಬಾಗಿಲ ಚೌಕಟ್ಟಿಗೆ ಬಡಿದು ನೋಡಿದರು. ಚೌಕಟ್ಟಿನ ಬಣ್ಣ ಎದ್ದಿತು. "ಎದಿ ಉಳಸಾಕ ಹೋಗಿ ಹಲ್ಲ ಕಳೀತೀರಿ," ಎಂದು ಅಡಿಗೆಯವರಿಬ್ಬರಿಗೂ ಉಪದೇಶ ಮಾಡಿ ಹೊರಗೆ ಹೋದರು. ಅವರು ಹೋದದ್ದು ಸ್ಟೇಷನ್ನಿನ ಬಳಿ ಮಿರ್ಚಿ ಭಜಿ ಕರಿಯುವಲ್ಲಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಹಾದೇವಕ್ಕ ಬಿಡಲಿಲ್ಲ. ಓಟ್ಸನ್ನು ಮೊದಲು ಸಣ್ಣ ಉರಿಯಲ್ಲಿ ಹುರಿದು, ಅರ್ಧದಷ್ಟನ್ನು ಬೀಸುಕಲ್ಲಿನಲ್ಲಿ ರವೆಯಂತೆ ಒಡೆದಳು. ಬೆಲ್ಲವನ್ನು ಕರಗಿಸಿ ಸೋಸಿ ಕಲಸಿದಳು. ಏಲಕ್ಕಿ ಹಾಕಿದಳು, ಅಂಗೈಯಲ್ಲಿ ತಟ್ಟುವಾಗ ಎಳ್ಳು ಒತ್ತಿದಳು. ಎಂಟನೆಯ ದಿನ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಹಸನಬಿ "ಯಾ ಅಲ್ಲಾ" ಎಂದು ಅಲ್ಲೇ ಕೂತುಬಿಟ್ಟಳು. ಇಬ್ಬರೂ ಒಂದನ್ನು ಮುರಿದು ಅರ್ಧರ್ಧ ತಿಂದರು. ಅಂಚು ಗರಿಗರಿ, ನಡುವೆ ಮೆತ್ತಗೆ. ತಾನು ಮಾಡಿದ್ದನ್ನು ಬಿಸಿಯಿರುವಾಗಲೇ, ಗಂಡನಿಗಿಂತ ಮೊದಲು ತಿಂದದ್ದು ಅವಳ ಜೀವನದಲ್ಲಿ ಅದೇ ಮೊದಲು. ಬಹಳ ರುಚಿಯೆನಿಸಿತು.

ಗಂಡನಿಗೂ ರುಚಿಸಿತು. ಅನಾಹುತವಾದದ್ದೇ ಅಲ್ಲಿಂದ.

ಡಾಕ್ಟರರ ಕಾಗದದಲ್ಲಿ ದಿನಕ್ಕೆ ಮೂರು ಎಂದಿತ್ತು. ಈರಬಸಪ್ಪನವರು ಬುದ್ಧಿವಂತರು. ಇದು ಔಷಧ, ಔಷಧ ಹೆಚ್ಚು ಹೋದಷ್ಟೂ ಗುಣ ಹೆಚ್ಚು ಎಂದು ಲೆಕ್ಕ ಹಾಕಿ ಮುಂಜಾನೆ ಎಂಟು ತಿನ್ನತೊಡಗಿದರು. ಒಣಗಿದಂತಿದೆ ಎಂದು ಎಮ್ಮೆಯ ಹಾಲಿನ ಚಹಾದಲ್ಲಿ ಅದ್ದಿದರು. ಚಹಾದಲ್ಲಿ ಮುರಿದು ಬೀಳುತ್ತದೆ ಎಂದು ಮೇಲೆ ಬೆಣ್ಣೆ ಸವರಿದರು. ನಂತರ ಇನ್ನೂ ದೊಡ್ಡ ಶೋಧನೆ ಮಾಡಿದರು. ಭಜಿ ತಿನ್ನುವ ಮೊದಲು ಎರಡು ಬಿಸ್ಕೀಟು, ತಿಂದ ಮೇಲೆ ಎರಡು. ನಡುವೆ ಸಿಕ್ಕ ಭಜಿಗೆ ಎದೆಯ ಕಡೆ ಹೋಗಲು ದಾರಿಯೇ ಇರುವುದಿಲ್ಲವಂತೆ.

"ಮುಂದೊಂದ ಪೊಲೀಸ, ಹಿಂದೊಂದ ಪೊಲೀಸ. ನಡುವ ಕಳ್ಳ ಏನ್ ಮಾಡ್ಯಾನು?" ಎಂದು ಕೇಳುತ್ತಿದ್ದರು. ಕೇಳಿದವರೆಲ್ಲ ತಲೆದೂಗಿದರು. ಅವರ ಕೈಯಲ್ಲೂ ಬಿಸ್ಕೀಟು ಇತ್ತಲ್ಲ.

ಊರಲ್ಲಿ ಇದಕ್ಕೆ "ಎದಿ ಬಿಸ್ಕೀಟು" ಎಂದು ಹೆಸರಾಯಿತು. ಸಂಕ್ರಾಂತಿಯ ಹೊತ್ತಿಗೆ ಗುಡಗೇರಿಯ ಗಂಡಸರಲ್ಲಿ ಅರ್ಧಕ್ಕರ್ಧ ಮಂದಿಗೆ ಎದೆಯಲ್ಲಿ ಚಳಕು ಕಾಣಿಸಿಕೊಂಡಿತು. ಚಳಕು ಬರುತ್ತಿದ್ದದ್ದು ಸರಿಯಾಗಿ ಸಂಜೆ ನಾಲ್ಕಕ್ಕೆ, ಶೇಗಡಿಯಿಂದ ಪಾತೇಲಿ ಇಳಿಯುವ ಹೊತ್ತಿಗೆ. ಈರಬಸಪ್ಪನವರು ಬಂದವರನ್ನೆಲ್ಲ ಕೂರಿಸಿ, ಕಾಯಿಲೆಯ ವೃತ್ತಾಂತ ಹೇಳಿ, "ಏ, ತಾಟ ತುಂಬ ತಾ," ಎಂದು ಒಳಗೆ ಕೂಗುತ್ತಿದ್ದರು. ದೊಡ್ಡ ಹೃದಯ.

ಒಳಗೆ ಮಹಾದೇವಕ್ಕ ಬೆಳಿಗ್ಗೆ ಬೀಸುತ್ತಿದ್ದಳು, ಮಧ್ಯಾಹ್ನ ಕೆಂಡದ ಮುಂದೆ ಬಾಗಿರುತ್ತಿದ್ದಳು. ಹಿಂದಲೆ ನೋಯುತ್ತಿತ್ತು. ಎದ್ದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ತಲೆಗೊಂದು ಬಟ್ಟೆ ಬಿಗಿದು ಮತ್ತೆ ಕೂರುತ್ತಿದ್ದಳು. ಇಡೀ ಊರು ಒಂದು ಹೃದಯದ ಚಿಂತೆಯಲ್ಲಿದ್ದುದರಿಂದ ಎರಡನೆಯದರ ಕಡೆ ಯಾರ ಗಮನವೂ ಹೋಗಲಿಲ್ಲ. ಹಸನಬಿ ಮಾತ್ರ ಒಮ್ಮೆ, "ಅಕ್ಕಾರ, ಮಾರಿ ಯಾಕ ಇಷ್ಟ ಕೆಂಪಾಗೇತಿ?" ಎಂದು ಕೇಳಿದಳು.

"ಬೆಂಕಿ ಝಳ ಬೇ," ಎಂದಳು ಮಹಾದೇವಕ್ಕ.

ಫೆಬ್ರುವರಿಯಲ್ಲಿ ಇಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿ ತಪಾಸಣೆಗೆ ಹೋದರು. ತೂಕದ ಯಂತ್ರದ ಮೇಲೆ ನಿಂತ ಈರಬಸಪ್ಪನವರು ಐದು ಕಿಲೋ ಹೆಚ್ಚಿದ್ದರು.

"ಏನೇನ್ ತಿಂದ್ರಿ?" ಡಾಕ್ಟರರು ಕೇಳಿದರು.

"ದೇವರಾಣಿ, ನೀವ್ ಹೇಳಿದ ಬಿಸ್ಕೀಟ ಬಿಟ್ರ ಏನೂ ಇಲ್ರಿ."

"ದಿನಕ್ಕೆಷ್ಟು?"

"ಬಂದ ಮಂದಿ ಮ್ಯಾಲ ಹೋಗತೈತ್ರಿ. ಇಪ್ಪತ್ತು, ಇಪ್ಪತ್ತೈದು."

ಡಾಕ್ಟರರು ಪೆನ್ನು ಕೆಳಗಿಟ್ಟರು. ಈರಬಸಪ್ಪನವರ ಗಮನ ಆಗಲೇ ಬೇರೆ ಕಡೆಗಿತ್ತು. ಮೂವತ್ತು ವರ್ಷ ತಕ್ಕಡಿ ಹಿಡಿದ ತಮಗೆ ಯಂತ್ರ ತಪ್ಪು ತೂಗುತ್ತಿದೆಯೆಂದು ಖಾತ್ರಿಯಿತ್ತು. ಕಂಪೌಂಡರನ ಜೊತೆ ಅದನ್ನು ಇತ್ಯರ್ಥ ಮಾಡಿಕೊಳ್ಳಲು ಹೊರಗೆ ಹೋದರು.

ಕುರ್ಚಿಯಿಂದ ಏಳಲು ಹೋದ ಮಹಾದೇವಕ್ಕ ಗೋಡೆ ಹಿಡಿದುಕೊಂಡಳು. ಡಾಕ್ಟರರು ಅವಳನ್ನು ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಅಮ್ಮಾರ, ನಿಮ್ಮ ಬಿ.ಪಿ. ಅವರ್ದಕ್ಕಿಂತ ಹೆಚ್ಚೈತಿ. ಯಾವಾಗಿಂದ ತಲಿ ನೋಯತೈತಿ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಅವಳೂ ಲೆಕ್ಕ ಇಟ್ಟಿರಲಿಲ್ಲ. ಡಾಕ್ಟರರು ಗುಳಿಗೆ ಬರೆದುಕೊಟ್ಟರು. ಉಪ್ಪು ಕಡಿಮೆ ಮಾಡಿ, ಮಧ್ಯಾಹ್ನ ಎರಡು ತಾಸು ಮಲಗಿ ಎಂದರು. ಅಷ್ಟೇ ಹೇಳಿದರು.

ಮರಳುವ ಗಾಡಿಯಲ್ಲಿ ಈರಬಸಪ್ಪನವರು ಯಂತ್ರವನ್ನು ಬೈದು ಮುಗಿಸಿದ ಮೇಲೆ ಕೇಳಿದರು, "ನಿನಗೇನಂದ್ರು?"

ಮಹಾದೇವಕ್ಕ ಕಿಟಕಿಯ ಕಡೆ ನೋಡಿದಳು. ಕಟಾವಾದ ಹೊಲಗಳು ಹಿಂದೆ ಸರಿಯುತ್ತಿದ್ದವು. ಮೂವತ್ತೆರಡು ವರ್ಷಗಳಲ್ಲಿ ಗಂಡನಿಗೆ ಒಂದೂ ಸುಳ್ಳು ಹೇಳಿರಲಿಲ್ಲ.

"ಬೆಂಕಿ ಮುಂದ ಕುಂದರಬಾರದಂತ್ರಿ. ಆರ ತಿಂಗಳು. ಕುಂತ್ರ ತಲ್ಯಾಗಿನ ನರ ಒಡೀತೈತಂತ."

ಈರಬಸಪ್ಪನವರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ನಂತರ ಗಂಡನ ಬಾಯಿಂದ ಅಂತಃಕರಣದ ಮಾತು ಬಂತು. "ಮತ್ತ ನನ್ನ ಬಿಸ್ಕೀಟ?"

ರೊಟ್ಟಿ, ಪಲ್ಯ ಮಾಡಲು ಓಣಿಯ ಗುರವ್ವ ಒಪ್ಪಿದಳು. ಬಿಸ್ಕೀಟು ಮಾತ್ರ ತನ್ನಿಂದಾಗದು ಎಂದಳು. ಹಸನಬಿಯನ್ನು ಕೇಳಿದರು. ವಿಷಯವೆಲ್ಲ ತಿಳಿದಿದ್ದ ಅವಳು ಸೊಂಟ ಹಿಡಿದುಕೊಂಡು, "ನನಗೂ ಡಾಕ್ಟ್ರು ಬ್ಯಾಡ ಅಂದಾರ್ರಿ ಸಾವಕಾರ್ರ," ಎಂದಳು. ಅವಳು ಜನ್ಮದಲ್ಲಿ ಡಾಕ್ಟರರನ್ನು ಕಂಡವಳಲ್ಲ.

ಹೀಗೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗುಡಗೇರಿಯ ಕಾಳಿನ ವ್ಯಾಪಾರಿ ಈರಬಸಪ್ಪನವರು ಧೋತರ ಮೇಲೆ ಕಟ್ಟಿ ಶೇಗಡಿಯ ಮುಂದೆ ಕೂತರು. ಮಹಾದೇವಕ್ಕ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಹೇಳಿಕೊಟ್ಟಳು.

"ಇನ್ನಷ್ಟ ಸಣ್ಣಗ ಬೀಸ್ರಿ. ಜೋರಲೆ ತಿರುವ್ರಿ."

"ರಟ್ಟಿ ಬಿದ್ದ ಹೋದ್ವು!"

"ಹೌದ್ರಿ, ಹಂಗ ಆಗತೈತಿ. ತಿರುವ್ರಿ."

ಅವರು ಇಪ್ಪತ್ತೈದು ಮಾಡಲು ಹೊರಟು ಎಂಟಕ್ಕೆ ಸಾಕೆಂದರು. ಮರುದಿನ ಆರು. ತಾವೇ ಬೀಸಿ, ತಾವೇ ಕೆಂಡ ಊದಿ, ಮೀಸೆ ಸುಟ್ಟುಕೊಂಡು ಮಾಡಿದ್ದನ್ನು ಸಂಜೆ ನಾಲ್ಕಕ್ಕೆ ಚಳಕಿನವರಿಗೆ ಹಂಚಲು ಅವರ ದೊಡ್ಡ ಹೃದಯ ಒಪ್ಪಲಿಲ್ಲ. ಬಾಗಿಲು ಮುಚ್ಚಿಕೊಂಡು ತಿಂದರು. ಎರಡು ವಾರದಲ್ಲಿ ಊರಿನ ಗಂಡಸರೆಲ್ಲ ಔಷಧವಿಲ್ಲದೆ ಗುಣವಾದರು. ಭಜಿಯ ಹೊತ್ತು ಮತ್ತು ಬಿಸ್ಕೀಟಿನ ಹೊತ್ತು ಒಂದೇ ಆಗಿದ್ದರಿಂದ, ಪಾತೇಲಿ ಬಿಟ್ಟು ಸ್ಟೇಷನ್ನಿಗೆ ಹೋದರೆ ಎಲ್ಲಿ ಸೀಯುತ್ತದೋ ಎಂದು ಭಜಿಯೂ ತಪ್ಪಿತು.

ಜೂನಿನಲ್ಲಿ ತೂಗಿದಾಗ ಏಳು ಕಿಲೋ ಇಳಿದಿದ್ದರು. ಈ ಸಲ ಯಂತ್ರ ಸರಿಯಿದೆ ಎಂದರು. ಮಹಾದೇವಕ್ಕನ ಬಿ.ಪಿ. ಕೂಡ ಇಳಿದಿತ್ತು. ಈರಬಸಪ್ಪನವರು ಅಭಿಮಾನದಿಂದ ಕೇಳಿದರು, "ಇಕಿ ಇನ್ನ ಬೆಂಕಿ ಮುಂದ ಕುಂದರಬಹುದೇನ್ರಿ?"

"ಬ್ಯಾಡ ಅಂದವ್ರು ಯಾರು?" ಎಂದರು ಡಾಕ್ಟರರು.

ಮಹಾದೇವಕ್ಕ ನೆಲ ನೋಡಿದಳು. ಈರಬಸಪ್ಪನವರು ಹೆಂಡತಿಯನ್ನು ನೋಡಿದರು, ಡಾಕ್ಟರರನ್ನು ನೋಡಿದರು. ಬೈಯಲು ಬಾಯಿ ತೆರೆದವರು ತೂಕದ ಯಂತ್ರದ ಕಡೆ ನೋಡಿ ಮುಚ್ಚಿದರು. ಗಾಡಿಯಲ್ಲಿ ಊರು ಹತ್ತಿರ ಬಂದ ಮೇಲೆ ಹೇಳಿದರು, "ಬಿಸ್ಕೀಟ ನಾನ ಮಾಡತೇನಿ. ನಿನ್ನ ಕೈಯಾಗ ಶಾಖ ನಿಲ್ಲೂದಿಲ್ಲ."

"ಹೌದ್ರಿ," ಎಂದಳು ಮಹಾದೇವಕ್ಕ. ಸೋತವಳ ಧ್ವನಿಯಲ್ಲಿ ಹೇಳಲು ಬಹಳ ಪ್ರಯತ್ನಪಟ್ಟಳು.

ಎದಿ ಬಿಸ್ಕೀಟನ್ನು ಕಂಡುಹಿಡಿದವರು ಈರಬಸಪ್ಪನವರೇ ಎಂದು ಈಗ ಊರು ಹೇಳುತ್ತದೆ. ಅವರೂ ಅದನ್ನೇ ಹೇಳಿಕೊಂಡರು. ಮಹಾದೇವಕ್ಕ ಅದನ್ನು ತಿದ್ದಲು ಹೋಗಲಿಲ್ಲ. ಅವಳಿಗೆ ಹೋಗಬೇಕಾದ ಬೇರೆ ಊರುಗಳಿದ್ದವು. ಆ ಶ್ರಾವಣಕ್ಕೆ ಮುಂಚೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ಒಬ್ಬಳೇ ಗಾಡಿ ಹತ್ತಿ ಅಳ್ನಾವರದ ಮಗಳ ಮನೆಗೆ ಹೋದಳು. ಕೈಯಲ್ಲೊಂದು ಡಬ್ಬಿ.

ಮಗಳು ಒಂದು ಬಿಸ್ಕೀಟು ಬಾಯಿಗಿಟ್ಟುಕೊಂಡು, "ಭಾರೀ ಆಗ್ಯಾವ ಬೇ. ಯಾರ್ ಮಾಡಿದ್ದು?" ಎಂದಳು.

"ನಿಮ್ಮಪ್ಪ."

ಮಗಳ ಬಾಯಿ ನಿಂತಿತು. "ಅಪ್ಪಗ ಏನಾಗೇತಿ? ಖರೇ ಹೇಳು."

"ಏನೂ ಆಗಿಲ್ಲ, ಅಗದಿ ಆರಾಮ ಅದಾರ," ಎಂದಳು ಮಹಾದೇವಕ್ಕ, ಕಾಲು ಚಾಚಿಕೊಳ್ಳುತ್ತಾ. "ನಾ ಎಂಟ ದಿನಾ ಇರಾಕ ಬಂದೇನಿ. ಮೊದಲ ಒಂದ ಕಪ್ ಚಾ ಮಾಡ. ಬಿಸಿ ಇರಲಿ."