ಗರಿಯ ಅಂಚು

ಬಲಗಣ್ಣಿನ ತುಂಬ ಹಾಲಿನ ಕೆನೆಯಂಥ ಪೊರೆ. ಎಡಗಣ್ಣಿಗೂ ಆಗಲೇ ಮಬ್ಬು ಹಿಡಿದಿತ್ತು. ಹಾಗಾಗಿ ನಮ್ಮ ಮಾವನವರು ಯಾರೊಡನೆ ಮಾತಾಡಿದರೂ ತಲೆ ಓರೆ ಮಾಡಿ, ಕೋಳಿ ನೋಡುವ ಹಾಗೆ ನೋಡುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು.

ಅರವತ್ತರ ದಶಕದ ಮೊದಲಲ್ಲಿ ನಾನು ಸೊಸೆಯಾಗಿ ಬಂದಾಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೆಳಿಗ್ಗೆ ಹಕ್ಕಿ ನೋಡಲು ಅವರನ್ನು ಕೆರೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ದುರ್ಬೀನು ನನ್ನ ಕೈಯಲ್ಲಿ, ನೋಟ್‌ಬುಕ್ಕು ಅವರ ಕೈಯಲ್ಲಿ.

"ಬೆಳಗಾದ್ರೆ ಮಾವ ಸೊಸೆ ಕೆರೆ ಕಡೆ. ಇಲ್ಲಿ ಹಿಟ್ಟು ರುಬ್ಬೋಕೆ ಆ ಹಕ್ಕಿಗಳೇ ಬರ್ತಾವೇನೋ!" ಎಂದು ಅತ್ತೆ ಬಾಗಿಲವರೆಗೂ ಬಂದು ಹೇಳುತ್ತಿದ್ದರು.

ಕೆರೆಯ ಅಂಚಿನ ಕೆಸರಲ್ಲಿ ಏನಾದರೂ ಓಡಾಡಿದರೆ ಮಾವನವರದು ಒಂದೇ ಮಾತು. "ಹೆಸರು ಆಮೇಲೆ. ಏನು ಕಾಣ್ತು, ಅದನ್ನ ಹೇಳು."

"ಬಾಲ ಕುಣಿಸ್ತಾನೇ ಇದೆ ಮಾವ. ಹೊಟ್ಟೆಯ ಬಿಳಿ ಭುಜದ ಮುಂದೆ ಮೇಲಕ್ಕೆ ಹತ್ತಿದೆ."

"ಗದ್ದೆಗೊರವ. ಈಗ ವಯಸ್ಸು ಹೇಳು."

ವಯಸ್ಸು ಇದ್ದದ್ದು ಗರಿಯ ಅಂಚಿನಲ್ಲಿ. ಆ ವರ್ಷ ಹುಟ್ಟಿದ ಮರಿಗೆ ರೆಕ್ಕೆಯ ಒಂದೊಂದು ಗರಿಗೂ ಕೆನೆಬಣ್ಣದ ಅಂಚು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ಹೊಲಿಸುತ್ತಿದ್ದ ಕರ್ಚೀಫಿನ ಅಂಚಿನಷ್ಟು ಚೊಕ್ಕ. ದೊಡ್ಡವುಗಳದು ಸವೆದು, ಮಾಸಿ ಹೋಗಿರುತ್ತಿತ್ತು. ಹಿಮಾಲಯದ ಕಡೆಯಿಂದ ದೊಡ್ಡವು ಮೊದಲು ಹೊರಟುಬಿಡುತ್ತವಂತೆ. ಮರಿಗಳು ಕೆಲವು ವಾರ ತಡವಾಗಿ, ತಾವೇ ದಾರಿ ಹುಡುಕಿಕೊಂಡು ಬರುತ್ತವಂತೆ. ಕೆರೆಯ ಒಂದು ಮಗ್ಗುಲಿಗೆ ಆಗಲೇ ಸೈಟಿಗೆಂದು ಮಣ್ಣು ಬೀಳತೊಡಗಿತ್ತು. ಈ ವರ್ಷವೂ ಮರಿಗಳು ಬಂದವೇ ಎನ್ನುವುದೊಂದೇ ಅವರ ಚಿಂತೆ.

ನನ್ನ ಎರಡನೆಯ ಕೂಸಿಗೆ ಹಲ್ಲು ಬರುತ್ತಿದ್ದ ಆಗಸ್ಟ್ ಅದು. ವಾರದಿಂದ ನಿದ್ದೆಯಿಲ್ಲ, ಕಣ್ಣು ಉರಿಯುತ್ತಿತ್ತು. ಕೆರೆಯ ಕೆಸರಲ್ಲಿ ಗದ್ದೆಗೊರವ ಕಂಡಾಗ ಮಾವನವರು "ಅಂಚು ಇದ್ಯಾ?" ಎಂದರು. ಮನೆ ಸೇರಿದರೆ ಸಾಕಾಗಿತ್ತು. ಸರಿಯಾಗಿ ನೋಡದೆಯೇ "ಇದೆ ಮಾವ" ಎಂದುಬಿಟ್ಟೆ.

ಅವರು ಬರೆದುಕೊಂಡರು. ಮನೆಯ ಗೇಟಿನ ಬಳಿ ನಿಂತು, "ಇಷ್ಟು ಬೇಗ ಮರಿ ಬಂದಿದ್ದು ನಾನು ಕಾಣೆ. ನೀನು ನೋಡಿದ್ಯಾ ಮಗು?" ಎಂದು ಕೇಳಿದರು.

ನಾನು ಗೇಟಿನ ಚಿಲಕ ತೆಗೆಯತೊಡಗಿದೆ.

ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. "ಹೊಡೆದುಹಾಕು. ಕಾಣಲಿಲ್ಲ ಅಂತ ಬರಿ. ಕಾಣ್ದೇ ಇರೋದೇನು ತಪ್ಪಲ್ಲ. ಸುಸ್ತಾಗಿದ್ರೆ ಸುಸ್ತಾಗಿದೆ ಅನ್ನು, ವಾಪಸ್ ಬಂದ್ಬಿಡೋಣ."

ಮನೆಯಲ್ಲಿ ಯಾರಿಗೂ ಅವರು ಹೇಳಲಿಲ್ಲ. ಆದರೆ ನನಗೆ ಆಮೇಲೆ ದುರ್ಬೀನು ಎತ್ತುವಾಗಲೆಲ್ಲ ಕೈ ಭಾರವಾಗುತ್ತಿತ್ತು.

ಎರಡು ವರ್ಷ ಕಳೆದು ಅವರು ಹಾಸಿಗೆ ಹಿಡಿದರು. ಎರಡು ಕಣ್ಣೂ ಹೋಗಿದ್ದವು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನೊಬ್ಬಳೇ ಕೆರೆಗೆ ಹೋದೆ. ಹಕ್ಕಿ ಈ ಪಕ್ಕ ತಿರುಗಿ, ಆ ಪಕ್ಕ ತಿರುಗುವವರೆಗೂ ಕೆಸರಲ್ಲಿ ನಿಂತಿದ್ದೆ. ವಾಪಸು ಬಂದು ಮಂಚದ ಬಳಿ ಕೂತೆ. ಆ ಆಗಸ್ಟಿನಂತೆ ಎರಡನೇ ಸಲ ಕೇಳಿದರೆ?

"ಅಂಚು?"

"ಇದೆ ಮಾವ. ಕೆನೆಬಣ್ಣ. ಎರಡೂ ಪಕ್ಕ ನೋಡ್ದೆ."

ಅವರು ಮತ್ತೆ ಕೇಳಲಿಲ್ಲ. "ಬರ್ಕೋ," ಎಂದರು. "ನೋಡಿದೋರು ಅಂತ ನಿನ್ನ ಹೆಸರೇ ಹಾಕು."

ನವರಾತ್ರಿಗೆ ಮೊದಲೇ ಹೋಗಿಬಿಟ್ಟರು. ನೋಟ್‌ಬುಕ್ಕು ನನ್ನ ಬೀರುವಿನಲ್ಲಿದೆ. ಪುಟಪುಟಕ್ಕೂ ಅವರ ಹೆಸರು, ಕೊನೆಯ ಸಾಲಿಗೆ ಮಾತ್ರ ನನ್ನದು.